ಗೆರೆ ನೆಟ್ಟಗೆ ನಿಂತ ಬೆಳಗು

ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದ ದಿನ ನಮ್ಮ ಯಜಮಾನರು ಮನೆಗೆ ಬಂದು, ಊಟ ಮುಗಿಸಿ, ಮಗಳಿಗೆ ಫೋನ್ ಹಚ್ಚಿದರು. ಮಗಳು ದೇವದುರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಇವರೂ ಅದನ್ನೇ ಕಲಿಸಿ ನಿವೃತ್ತರಾದವರು.

"ಕೇಬಲ್ ಎಲ್ಲಿ ಕಡದದ ಅಂತ ಹುಡುಕೋ ಸರ್ಕ್ಯೂಟ್ ನಿನ್ನ ಲ್ಯಾಬಿಗೆ ಬೇಕಂದಿದ್ದೆಲ್ಲ, ಅದನ್ನ ಈಗ ಮಾಡೋಣು. ಅದೊಂದು ಕಣ್ಣಿಲೆ ನೋಡಿಬಿಡ್ತೀನಿ," ಎಂದರು.

ಅದೇನೆಂದು ನನಗೂ ತಿಳಿಸಿ ಹೇಳಿದರು. ಉದ್ದನೆಯ ತಂತಿಯೊಳಗೆ ವಿದ್ಯುತ್ತಿನ ಚಿಕ್ಕದೊಂದು ಮಿಡಿತ ಕಳಿಸಬೇಕು. ತಂತಿ ಕಡಿದಲ್ಲಿಂದ ಅದು ಬಾವಿಯಲ್ಲಿ ಕೂಗಿದ ದನಿಯಂತೆ ತಿರುಗಿ ಬರುತ್ತದೆ. ಹೋಗಿ ಬಂದ ಹೊತ್ತು ಅಳೆದರೆ ದೂರ ತಿಳಿಯುತ್ತದೆ. ಆದರೆ ಆ ಹೊತ್ತು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ. ಮಿಡಿತ ಚುರುಕಾಗಿ ಎದ್ದು ಚುರುಕಾಗಿ ಬೀಳದಿದ್ದರೆ ಹೋದದ್ದೂ ಬಂದದ್ದೂ ಕಲಸಿಹೋಗುತ್ತವೆ.

ಬೆಳಗಿನ ಬಿಸಿಲಲ್ಲಿ ದಪ್ಪ ಭೂತಗನ್ನಡಿ ಹಿಡಿದರೆ ಅವರಿಗೆ ಇನ್ನೂ ಸ್ವಲ್ಪ ಕಾಣುತ್ತಿತ್ತು. ಆ ಹೊತ್ತಿಗೆ ನಾನು ಮಡಿಯಲ್ಲಿರುತ್ತೇನೆ. ನೈವೇದ್ಯವಾಗುವವರೆಗೆ ಯಾರನ್ನೂ ಮುಟ್ಟುವುದಿಲ್ಲ. ಮಾನ್ವಿಯಲ್ಲಿ, ಗುಡಿಯ ಪೂಜೆಯ ಮನೆತನದಲ್ಲಿ ಬೆಳೆದವಳು ನಾನು. ಅಲ್ಲಿಂದ ರಂಗೋಲಿ, ಮಡಿ ಎರಡನ್ನೂ ಉಡಿಯಲ್ಲಿ ಕಟ್ಟಿಕೊಂಡು ಬಂದೆ. ಇವರು ಒಂದು ದಿನವೂ ಮಡಿ ಬಿಡು ಎನ್ನಲಿಲ್ಲ. "ಮುಟ್ಟಬ್ಯಾಡ. ಅಲ್ಲೇ ನಿಂತು ನೋಡಿ ಹೇಳು, ಸಾಕು," ಎನ್ನುತ್ತಿದ್ದರು.

ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ನಡೆಸಿ ನೋಡಿದರು. ಸಾಮಾನು ಕೊಳ್ಳುವ ಮೊದಲೇ ಸರ್ಕ್ಯೂಟ್ ಹೇಗೆ ನಡೆದೀತೆಂದು ಲೆಕ್ಕ ಹಾಕಿ, ಗೆರೆ ಬರೆದು ತೋರಿಸುವ ಪ್ರೋಗ್ರಾಂ ಅದು. ಭಾನುವಾರ ಮಗಳು ಬಂದು ಚಿತ್ರ ಹಾಕಿಟ್ಟು ಹೋಗಿದ್ದಳು. ಇವರು ಕೀಲಿ ಒತ್ತಿ ಮಿಡಿತ ಎಬ್ಬಿಸುವ ಟ್ರಾನ್ಸಿಸ್ಟರ್ ಬದಲಿಸುವರು. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಗೆರೆಯ ರೂಪ ಹೇಳುವೆ.

"ಏರೋದು ನೆಟ್ಟಗದರಿ. ಇಳಿಯೋದು ಜಾರುಬಂಡಿ ಆಗೇದ."

"ಅದು ರೇಡಿಯೋದೊಳಗ ಹಾಡು ಕೇಳಸೋ ಜಾತಿ. ಒಳಗ ತುಂಬಿದ್ದು ಖಾಲಿ ಮಾಡ್ಲಿಕ್ಕೆ ತಡಾ ಮಾಡ್ತದ."

"ನಿಮ್ಮ ಸ್ನಾನದ್ಹಂಗ."

"ಹೂಂ. ಇನ್ನೊಂದು ಹಾಕ್ತೀನಿ, ನೋಡು."

ಸ್ವಿಚ್ಚಿಗೆಂದೇ ಮಾಡಿದ ಚುರುಕು ಟ್ರಾನ್ಸಿಸ್ಟರ್ ಆರಿಸಿ, ಅದರ ಪಕ್ಕದಲ್ಲಿ ವಿದ್ಯುತ್ತು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಚಿಕ್ಕದು ಮಾಡಿದಾಗ ಗೆರೆ ಎರಡೂ ಬದಿ ನೆಟ್ಟಗಾಯಿತು. ಅದೇ ನಂಬರಿನವನ್ನು ತೀನ್ ಕಂದೀಲ್ ಚೌಕದ ಹತ್ತಿರದ ಅಂಗಡಿಯಿಂದ ನಾನೇ ತಂದೆ. ತೊಗರಿಕಾಳಿನಷ್ಟಿದ್ದವು, ಮೂರು ಕಾಲು, ಒಂದು ಮಗ್ಗುಲು ಚಪ್ಪಟೆ.

ಮುಂದಿನ ಭಾನುವಾರ ಮಗಳು ಸೋಲ್ಡರ್ ಮಾಡಲು ಕೂತಳು. ಇವರು ಒಂದೊಂದನ್ನೂ ಬೆರಳಿನಿಂದ ಸವರಿ, ಚಪ್ಪಟೆ ಮಗ್ಗುಲು ಹುಡುಕಿ, ತಿರುಗಿಸಿ ಅವಳ ಕೈಗಿತ್ತರು.

"ಹಿಂಗ ಹಿಡದು ಹಾಕು."

"ಅಪ್ಪಾ, ಯಾವ ಕಾಲು ಯಾವುದು ಅಂತ ಒಮ್ಮೆ ಕಂಪನಿ ಹಾಳಿ ನೋಡ್ಲೇನು?"

"ನಿನಗ ಕಲಿಸಿದಾಂವ ನಾನ ಅಲ್ಲೇನು?"

"ಆತು ಬಿಡ್ರಿ ಮಾಸ್ತರ್," ಎಂದು ನಕ್ಕು ಹಾಕಿದಳು.

ಮಿಡಿತದ ಗೆರೆ ತೋರಿಸುವ ಯಂತ್ರ, ಆಸಿಲೋಸ್ಕೋಪ್, ಅದನ್ನೂ ಅವಳೇ ತಂದಿದ್ದಳು. ಅದರಲ್ಲಿ ಮೂಡಿದ್ದು ನೀರು ಚೆಲ್ಲಿದ ರಂಗೋಲಿಯಂಥ ಸೋತ ಗೆರೆ. ಇವರು ಭೂತಗನ್ನಡಿ ಹಿಡಿದು ಅದನ್ನು ಬಹಳ ಹೊತ್ತು ನೋಡಿದರು. ಅವರು ಕಣ್ಣಾರೆ ನೋಡಿದ ಕೊನೆಯ ಗೆರೆ ಅದೇ ಎಂದು ಆಗ ನಮಗಾರಿಗೂ ಗೊತ್ತಿರಲಿಲ್ಲ.

ವಾರದ ನಡುವೆ ಸಂಧ್ಯಾವಂದನೆಗೆ ಕೂತವರು ಆಚಮನದ ನೀರು ಅಂಗೈಯಲ್ಲಿರುವಾಗಲೇ ತಡೆದರು. ಮುಗಿಸಿ ಎದ್ದು, "ಕಾಲು ಉಲ್ಟಾ ಆಗ್ಯಾವ," ಎಂದರು. ಕಾಲೇಜಿನಲ್ಲಿ ಅವರು ಜೀವಮಾನವೆಲ್ಲ ಹಿಡಿದ ಟ್ರಾನ್ಸಿಸ್ಟರಿಗೂ ಇದಕ್ಕೂ ಮೈ ಒಂದೇ, ಕಾಲಿನ ಸಾಲು ತಿರುವುಮುರುವು. ಬೆರಳಿಗೆ ಹಳೆಯದೇ ರೂಢಿ. ಲ್ಯಾಪ್‌ಟಾಪಿನ ಚಿತ್ರದಲ್ಲಿ ಯಾವ ಕಾಲು ಯಾವುದೆಂದು ಗುರುತು ಇರುವುದರಿಂದ ಆ ತಪ್ಪು ಆಗುವುದೇ ಇಲ್ಲ.

ಮಗಳಿಗೆ ಪರೀಕ್ಷೆಯ ಕೆಲಸ ಬಂದು, ಆ ಭಾನುವಾರ ಬರಲಾಗಲಿಲ್ಲ. ಅದರ ನಡುವೆ ಒಂದು ಬೆಳಿಗ್ಗೆ ಇವರು ಮೇಜಿನ ಮುಂದೆ ಕೂತು, "ಇವತ್ತು ಮೋಡ ಅದ ಏನು?" ಎಂದು ಕೇಳಿದರು. ಹೊರಗೆ ತುಳಸಿಕಟ್ಟೆಯ ಮೇಲೆ ಬಿಸಿಲು ಸುರಿಯುತ್ತಿತ್ತು.

ಮಗಳು ಬಂದ ಬೆಳಿಗ್ಗೆ ನನ್ನ ಒಲೆಯ ಮೇಲೆ ದೇವರ ಅನ್ನ ಕುದಿಯುತ್ತಿತ್ತು. ಅವಳು ಟ್ರಾನ್ಸಿಸ್ಟರ್‌ಗಳನ್ನು ಬಿಚ್ಚಿ, ತಿರುಗಿಸಿ ಹಾಕಿ, ಯಂತ್ರ ಹಚ್ಚಿದಳು. ಗೆರೆ ಎದ್ದು ನಿಂತಿತು. ಅವಳು ನನ್ನ ಮುಖ ನೋಡಿದಳು. ಇವರು ಭೂತಗನ್ನಡಿ ಹಿಡಿದದ್ದು ಯಂತ್ರದ ಕಡೆಗಲ್ಲ, ಅದರ ಪಕ್ಕದ ಗೋಡೆಗೆ.

"ಹೇಳು," ಎಂದರು ನನಗೆ.

"ನೆಟ್ಟಗ ನಿಂತದರಿ. ಎರಡೂ ಕಡಿ."

"ಎಷ್ಟು ನೆಟ್ಟಗ?"

ದೇವರ ಮುಂದಿನ ರಂಗೋಲಿ ಬಟ್ಟಲು ತಂದೆ. ಅವರ ಮೇಜಿನ ಮೇಲೆ ಆ ಗೆರೆಯನ್ನು ದಪ್ಪಗೆ ಎಳೆದೆ. ಅವರ ತೋರುಬೆರಳು ಹಿಡಿದು ಅದರ ಮೇಲಿಟ್ಟೆ.

"ಅಮ್ಮಾ, ಮಡಿ," ಎಂದಳು ಮಗಳು, ಮೆಲ್ಲಗೆ.

ಅವರ ಬೆರಳು ಗೆರೆಯ ಬುಡದಗುಂಟ ಸರಿದು, ಮೇಲೆ ಏರಿ, ಮೂಲೆಯಲ್ಲಿ ನಿಂತಿತು.

"ಮೂಲಿ ಇಷ್ಟು ಚೂಪದ?"

"ಅಷ್ಟೇ ಚೂಪದರಿ."

ಇನ್ನೊಮ್ಮೆ ಮೊದಲಿನಿಂದ ಸವರಿದರು.

ನಾನು ಮತ್ತೆ ಸ್ನಾನ ಮಾಡಿ, ಬೇರೆ ಅನ್ನಕ್ಕಿಟ್ಟೆ. ಅವತ್ತು ನೈವೇದ್ಯವಾಗುವಾಗ ಮಧ್ಯಾಹ್ನ ಇಳಿದಿತ್ತು. ತಡವಾದರೂ ದೇವರು ಉಂಡ. ಇವರ ಕಣ್ಣು ತಗೊಂಡು ಬೆರಳು ಬಿಟ್ಟಿದ್ದಾನೆ ಎಂದು ಕೈಮುಗಿದೆ. ಆದರೂ ಕಣ್ಣೀರು ನಿಲ್ಲಲಿಲ್ಲ. ಎಲೆ ಹಾಕಿ ಕರೆದಾಗ ಇವರು ಕೈತೊಳೆಯಲು ಎದ್ದು ಹೋದವರು, ರಂಗೋಲಿ ಪುಡಿ ಮೆತ್ತಿ ಬೆಳ್ಳಗಾಗಿದ್ದ ಆ ಬೆರಳನ್ನು ಬೇರೆಯಾಗಿ ಹಿಡಿದು, ತಂಬಿಗೆಯ ನೀರು ಸುರಿಯದೆ ಹಾಗೆಯೇ ನಿಂತಿದ್ದರು.