ಕಫದ ಸೀಸೆ ಹೊತ್ತು ಮಂಡ್ಯದ ಬಸ್ಸಿಗೆ

ಬೆಳಗಿನ ಆರು ಗಂಟೆ. ಕಿರುಗಾವಲಿನಾಚೆಯ ಆಲೆಮನೆಯಲ್ಲಿ ಕೊಪ್ಪರಿಗೆ ಆಗಲೇ ಕುದಿಯುತ್ತಿದೆ. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಪುಟ್ಟರಾಜು ಕೈ ಕೊಡವಿ ಎದ್ದು, ಶಿವನಂಜಮ್ಮ ಕೊಟ್ಟ ಪ್ಲಾಸ್ಟಿಕ್ ಸೀಸೆ ಹಿಡಿದು ಗದ್ದೆಯ ಬದುವಿನತ್ತ ಹೊರಡುತ್ತಾನೆ.

"ಎಂಜ್ಲು ಬೇಡ ಕಣ್ಲಾ, ಎದೆಯಿಂದ ಬರ್ಲಿ. ಎಂಜ್ಲು ತಗೊಂಡೋಗಾಕೆ ಮಳವಳ್ಳಿಯಿಂದ ಬಸ್ಸತ್ತಿ ಬಂದಿದ್ದೀನಾ ನಾನು?"

"ಕೆಮ್ಮೇ ಓಗ್ಬುಟ್ಟದೆ ಕಣಕ್ಕ, ಎಲ್ಲಿಂದ ತರ್ಲಿ?"

ಶಿವನಂಜಮ್ಮನಿಗೆ ಅದು ಕೇಳಿಸುವುದಿಲ್ಲ. "ಬೆಳಕ್ಗೆ ತಿರುಕ್ಕೊಂಡು ಏಳ್ಲಾ" ಎನ್ನುತ್ತಾರೆ. ಅವನು ಒಲೆಯ ಬೆಳಕಿಗೆ ಮುಖ ಕೊಟ್ಟು ಮತ್ತೆ ಹೇಳುತ್ತಾನೆ. ಆಕೆ ತುಟಿ ಓದಿಕೊಂಡು ನಗುತ್ತಾರೆ.

ಪುಟ್ಟರಾಜುವಿಗೆ ಬಂದದ್ದು ಸಾಮಾನ್ಯ ಔಷಧಿಗೆ ಬಗ್ಗದ ಟಿ.ಬಿ. ಆರು ತಿಂಗಳು ಹೊಸ ಗುಳಿಗೆ ನುಂಗಿದ್ದಾನೆ. ಇದು ಈ ಚಿಕಿತ್ಸೆಯ ಕೊನೆಯ ಕಫ. ಇದರಲ್ಲಿ ಕ್ರಿಮಿ ಬೆಳೆದರೆ ಮೊದಲಿಂದ ಶುರು, ಆಗ ಯಾವ ಗುಳಿಗೆ ಕೆಲಸ ಮಾಡುತ್ತದೋ ಯಾರೂ ಹೇಳಲಾರರು. ಹೆಂಡತಿ ರಂಜಿತ ಮೂರು ವರ್ಷದ ಮಗಳೊಂದಿಗೆ ಮದ್ದೂರಿನ ತವರಿನಲ್ಲಿದ್ದಾಳೆ. ಎರಡನೇ ತಿಂಗಳಿಗೇ ಅವನಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತವರಿನವರು ಕೊನೆಯ ರಿಪೋರ್ಟು ಬರಲಿ ಎಂದು ಕೂತಿದ್ದಾರೆ.

ಆ ರಿಪೋರ್ಟು ಬರಬೇಕಾದರೆ ಕಫ ಮಂಡ್ಯ ಸೇರಬೇಕು. ಸೇರಿಸುವುದು ಶಿವನಂಜಮ್ಮ, ವಯಸ್ಸು ನಲವತ್ತಾರು. ಹಲಗೂರು, ಕಿರುಗಾವಲು ಕಡೆಯ ಹಳ್ಳಿಗಳಲ್ಲಿ ಸೀಸೆ ಕೂಡಿಸಿ, ಐಸ್ ತುಂಬಿದ ನೀಲಿ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ಯುತ್ತಾರೆ. ದಿನಕ್ಕೆ ಎಂಟೋ ಹತ್ತೋ ಸೀಸೆ, ನಾಲ್ಕು ಬಸ್ಸು, ನೂರು ಕಿಲೋಮೀಟರು. ಸೆಕೆಗೆ ಸಿಕ್ಕಿದರೆ ಬಾಯಿಯ ಬೇರೆ ಕ್ರಿಮಿಗಳು ಕಫದಲ್ಲಿ ಬೆಳೆದು ಪರೀಕ್ಷೆ ಕೆಡುತ್ತದೆ. ಆರು ವರ್ಷದಲ್ಲಿ ಒಂದು ಸೀಸೆಯೂ ಸೋರಿಲ್ಲ. ಆದರೂ ಡಬ್ಬಿಯಲ್ಲಿ ಏನಿದೆಯೆಂದು ತಿಳಿದ ಜನ ಒಮ್ಮೆ ಆಕೆಯನ್ನು ನಡುದಾರಿಯಲ್ಲಿ ಇಳಿಸಿದ್ದಾರೆ. ಅಂಥವರ ಮನೆಯವರ ಕಫವನ್ನೂ ನಾಳೆ ಈಕೆಯೇ ಒಯ್ಯಬೇಕಾದೀತು ಎಂಬುದು ಅವರ ತಲೆಗೆ ಹೋಗಲಿಲ್ಲ.

"ಕೋಳಿ ಒಯ್ತಾರೆ, ಮೀನು ಒಯ್ತಾರೆ, ಗೊಬ್ರ ಒಯ್ತಾರೆ. ನನ್ ಡಬ್ಬಿ ಮಾತ್ರ ಕಣ್ಣಿಗ್ ಚುಚ್ತದೆ" ಎನ್ನುತ್ತಾರೆ, ಸಿಟ್ಟಿಲ್ಲದೆ.

ಹನ್ನೊಂದು ವರ್ಷದ ಹಿಂದೆ ಇದೇ ರೋಗ ಶಿವನಂಜಮ್ಮನಿಗೂ ಬಂದಿತ್ತು. ಆಗ ಈ ಗುಳಿಗೆ ಇರಲಿಲ್ಲ. ಎಂಟು ತಿಂಗಳು ದಿನಾ ಸೂಜಿ, ಎರಡು ವರ್ಷ ಮಾತ್ರೆ. ಐದನೇ ತಿಂಗಳಿಗೆ ಕಿವಿಯೊಳಗೆ ಜೀರುಂಡೆ ಕೂಗತೊಡಗಿತು. ಸೂಜಿ ನಿಲ್ಲಿಸಿದರೆ ಸಾಯುತ್ತೇನೆಂಬ ಭಯಕ್ಕೆ ಬಾಯಿ ಬಿಡಲಿಲ್ಲ. ಕಿವಿಯ ಒಳಗಿನ ಸೂಕ್ಷ್ಮ ಕೋಶಗಳನ್ನು ಆ ಸೂಜಿಮದ್ದು ಕೊಲ್ಲುತ್ತದೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ದಿನಾ ಚುಚ್ಚಿದವರು ಒಂದು ದಿನವಾದರೂ ಕಿವಿ ಹೇಗಿದೆ ಎಂದು ಕೇಳಬಹುದಿತ್ತು. "ಅವ್ರೂ ಕೇಳ್ನಿಲ್ಲ, ನಾನೂ ಏಳ್ನಿಲ್ಲ. ಆದ್ರೂ ಆ ಸೂಜಿ ಇಲ್ದಿದ್ರೆ ಇವತ್ತು ನಾನೆಲ್ಲಿ ಇರ್ತಿದ್ದೆ?" ಎಂದು ಆಕೆ ಕೈ ಮುಗಿಯುತ್ತಾರೆ.

ಕೇಳಿಸದವರಿಗೆ ಕಣ್ಣು ಚುರುಕು. ಪುಟ್ಟರಾಜುವಿನ ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಒಲೆಯಿಂದ ಕೆಂಡವೊಂದು ಸಿಡಿದು ಅವನ ಪಾದದ ಮೇಲೆ ಬಿತ್ತು. ಅವನು ಮಾತಾಡುತ್ತಲೇ ಇದ್ದ. ಶಿವನಂಜಮ್ಮ ಚಪ್ಪಲಿಯಲ್ಲಿ ಕೆಂಡ ಒದ್ದರು.

"ಲೇ, ಕಾಲು ಸುಡ್ತಾ ಅದೆ, ಗೊತ್ತಾಗ್ಲಿಲ್ವಾ?"

ಅವನು ಬಗ್ಗಿ ನೋಡಿಕೊಂಡ. ಆಮೇಲೆ ಎಲ್ಲ ಹೊರಗೆ ಬಂತು. ಮೂರು ವಾರದಿಂದ ಪಾದ ಜೋಮು. ಐದು ದಿನದಿಂದ ಗುಳಿಗೆ ನುಂಗದೆ ಗೋಣಿಚೀಲದಡಿ ಬಚ್ಚಿಟ್ಟಿದ್ದ.

"ಏಳ್ಬಾರ್ದೇನ್ಲಾ ನಂಗೆ?"

"ಏಳಿದ್ರೆ ಬೈತಿದ್ದೆ ನೀನು."

ಶಿವನಂಜಮ್ಮ ಬೈಯಲಿಲ್ಲ. ತಾನೂ ಹೀಗೆಯೇ ಮುಚ್ಚಿಟ್ಟವಳು. ಅಂದೇ ಮಂಡ್ಯದ ಬಸ್ಸಿಗೆ ಅವನನ್ನೂ ಹತ್ತಿಸಿದರು, ಮಡಿಲಲ್ಲಿ ಡಬ್ಬಿ, ಪಕ್ಕದಲ್ಲಿ ಪುಟ್ಟರಾಜು.

ಮಂಡ್ಯದ ಡಾಕ್ಟರು ಶಿವನಂಜಮ್ಮನಿಗೆ ಮುಖ ಕಾಣುವಂತೆ ಕೂತು ಬಿಡಿಸಿ ಹೇಳಿದರು. ಟಿ.ಬಿ. ಕ್ರಿಮಿ ಕೆಲವೊಮ್ಮೆ ಬೆಳೆಯದೆ ಮುದುಡಿ ಮಲಗಿಬಿಡುತ್ತದೆ, ಹಳೆಯ ಔಷಧಿಗಳಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಮಲಗಿದ್ದರೂ ಬದುಕಿರಲು ಅದಕ್ಕೆ ಶಕ್ತಿ ಬೇಕು. ಆ ಶಕ್ತಿ ತಯಾರಿಸುವ ಪುಟ್ಟ ಚಕ್ರವೊಂದು ಕ್ರಿಮಿಯ ಪೊರೆಯಲ್ಲಿ ತಿರುಗುತ್ತಿರುತ್ತದೆ. ಹೊಸ ಗುಳಿಗೆಗಳಲ್ಲಿ ಒಂದು ನೇರವಾಗಿ ಆ ಚಕ್ರಕ್ಕೇ ಅಡ್ಡ ಕೂರುತ್ತದೆ. ಜೋಮು ತಂದದ್ದು ಇನ್ನೊಂದು ಗುಳಿಗೆ. ಅದು ಕ್ರಿಮಿ ಪ್ರೋಟೀನು ಕಟ್ಟದಂತೆ ತಡೆಯುವಾಗ ನಮ್ಮ ನರಗಳ ಕೋಶಕ್ಕೂ ಸ್ವಲ್ಪ ಕೈ ಹಾಕುತ್ತದೆ. ಅದೊಂದನ್ನು ಅರ್ಧಕ್ಕಿಳಿಸಿ ಉಳಿದವನ್ನು ಹಾಗೇ ಮುಂದುವರಿಸಿದರು. ತಪ್ಪಿದ ಐದು ದಿನ ಚಿಕಿತ್ಸೆಯ ಕೊನೆಗೆ ಸೇರಿತು.

ವಾಪಸ್ಸು ಬರುವಾಗ ಪುಟ್ಟರಾಜು ಕೇಳಿದ, "ಕೆಮ್ಮು ನಿಂತೋಗದೆ, ಇನ್ಯಾಕಕ್ಕ ನುಂಗ್ಬೇಕು?"

"ಉರಿ ನಿಂತ್ಮೇಲೂ ನಿನ್ ಒಲೆ ಎಷ್ಟೊತ್ತು ಕೆಂಡ ಇಟ್ಕೊಂಡಿರ್ತದೆ?"

"ಮಾರ್ನೆ ದಿನಕ್ಕೂ ಇರ್ತದೆ. ನಾಕ್ ಸಿಪ್ಪೆ ಬಿದ್ರೆ ಸಾಕು, ಅತ್ಕೊತದೆ."

"ಅಂಗೇ ಕಣಪ್ಪ ಇದೂವೆ."

ಇಪ್ಪತ್ತು ವರ್ಷ ಒಲೆ ಕಾಯ್ದವನಿಗೆ ಬೇರೆ ಪಾಠ ಬೇಕಾಗಲಿಲ್ಲ. ಅಲ್ಲಿಂದಾಚೆ ಒಂದು ದಿನವೂ ತಪ್ಪಿಸಲಿಲ್ಲ. ಜೋಮು ಪೂರ್ತಿ ಹೋಗಿಲ್ಲ, ಆದರೆ ಈಗ ಪಾದಕ್ಕೆ ಬಿಸಿ ತಿಳಿಯುತ್ತದೆ.

ಬದುವಿನಿಂದ ಬಂದ ಸೀಸೆಯ ಮುಚ್ಚಳ ತಿರುಗಿಸಿ, ಹೆಸರು ಬರೆದು, ಎರಡು ಕವರಿನಲ್ಲಿ ಸುತ್ತಿ ಡಬ್ಬಿಗಿಟ್ಟು ಶಿವನಂಜಮ್ಮ ರಸ್ತೆಗೆ ನಡೆಯುತ್ತಾರೆ. ಲ್ಯಾಬಿನಲ್ಲಿ ಕ್ರಿಮಿ ಬೆಳೆಯುತ್ತದೋ ಇಲ್ಲವೋ ನೋಡಲು ಆರು ವಾರ ಬೇಕು. ಆ ಆರು ವಾರವೂ ಮಂಡ್ಯಕ್ಕೆ ಹೋದಾಗಲೆಲ್ಲ ಲ್ಯಾಬಿನ ಹುಡುಗಿಯ ತುಟಿ ನೋಡುತ್ತಾರೆ. "ಇನ್ನೂ ಇಲ್ಲಮ್ಮ" ಎಂಬುದನ್ನು ಅವಳು ಬಾಯಿ ತೆರೆಯುವ ಮುಂಚೆಯೇ ಓದಬಲ್ಲರು.

ಏಳನೇ ವಾರದ ಸೋಮವಾರ ತುಟಿ ಬೇರೆ ಏನೋ ಹೇಳಿತು. ಶಿವನಂಜಮ್ಮ ನಂಬದೆ ಕಾಗದ ಕೇಳಿದರು. ಕ್ರಿಮಿ ಬೆಳೆದಿಲ್ಲ ಎಂದು ಅವಳು ಬರೆದು ಕೊಟ್ಟಳು. ಮಾರನೆಯ ದಿನ ರಂಜಿತ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮದ್ದೂರಿನಿಂದ ಬಂದಳು. ಆಲೆಮನೆಗೆ ಬಂದ ಶಿವನಂಜಮ್ಮನ ಕೈಗೆ ಬಿಸಿ ಬೆಲ್ಲವಿಟ್ಟು ಪುಟ್ಟರಾಜು ಕೇಳಿದ, "ಇನ್ ನೀನು ಬರಾಕಿಲ್ವೇನಕ್ಕ?"

"ಬರ್ದೆ ಬುಡ್ತೀನಾ? ರೋಗ ತಿರ್ಗಿ ಬಂದದಾ ಅಂತ ನೋಡಾಕೆ ಆರ್ ತಿಂಗ್ಳಿಗೆ ಒಂದು ಸೀಸೆ, ವರ್ಸಕ್ಕೆ ಇನ್ನೊಂದು. ಎರಡ್ರಲ್ಲೂ ಏನೂ ಸಿಗ್ಬಾರ್ದು ನೋಡು, ಅಷ್ಟೇ ನಾನು ಕೇಳೋದು. ಏನೂ ಇಲ್ದಿರೋ ಸೀಸೆ ಒತ್ಕೊಂಡು ಮಂಡ್ಯಕ್ಕೆ ಓಗೋಕೆ ನಂಗೆ ಒಂಚೂರೂ ಬೇಜಾರಿಲ್ಲ."