ಬಾಯಲ್ಲಿ ಕುರ್ತ್ ಇದ್ದಾಗ

ಚೀಸನ್ನು ಸಂಡಿಗೆಯೆಂದು ತಿಳಿದು ಎಣ್ಣೆಯಲ್ಲಿ ಕರಿದವರು ಟೊರಾಂಟೊದಲ್ಲಿ ನನ್ನಂತೆ ಇನ್ನೊಬ್ಬರಿದ್ದರೆ ನನಗೆ ಸಮಾಧಾನವಾಗುತ್ತದೆ. ಇಲ್ಲಿಯವರೆಗೆ ಸಿಕ್ಕಿಲ್ಲ.

ಅದು ತೊಂಬತ್ತೆಂಟರ ಚಳಿಗಾಲ, ತೊಂಬತ್ತೊಂಬತ್ತೂ ಇರಬಹುದು. ನನ್ನ ನೆನಪು ಹಿಮವನ್ನೆಲ್ಲ ಒಂದೇ ವರ್ಷದ ಮೇಲೆ ಸುರಿದುಬಿಡುತ್ತದೆ. ಗಂಡನಿಗೆ ಒಟ್ಟಾವಾದಲ್ಲಿ ಕಾಂಟ್ರಾಕ್ಟು. ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. ಉಳಿದ ದಿನ ನಾರ್ತ್ ಯಾರ್ಕಿನ ಒಂಬತ್ತನೇ ಮಹಡಿಯಲ್ಲಿ ನಾನು ಮತ್ತು ರೇಡಿಯೇಟರಿನ ಕಟಕಟ. ಸಂಜೆ ಅವರ ಫೋನ್ ಬರುವಷ್ಟರಲ್ಲಿ, ದಿನವಿಡೀ ಬಳಸದ ಗಂಟಲು ಕಟ್ಟಿರುತ್ತಿತ್ತು.

ಎದುರುಮನೆಯ ಐಗುಲ್ ಕಜಕಸ್ತಾನದವಳು, ಮಗಳ ಜೊತೆಗಿದ್ದಳು. ಆಕೆ ಆಡುತ್ತಿದ್ದ ರಷ್ಯನ್ ನನಗೆ ಬಾರದು, ಆಕೆಗೆ ಇಂಗ್ಲಿಷ್ ನಾಲ್ಕು ಮಾತು. ಒಂದು ಬೆಳಿಗ್ಗೆ ಬಟ್ಟಲು ತುಂಬ ಬಿಳಿ ಉಂಡೆಗಳನ್ನು ಕೊಟ್ಟು "ಕುರ್ತ್" ಎಂದಳು. ನೆಲ್ಲಿಕಾಯಿ ಗಾತ್ರ, ಕಲ್ಲಿನಂಥ ಗಟ್ಟಿ, ಹುಳಿ ವಾಸನೆ. ಬಿಸಿಲಿನಲ್ಲಿ ಒಣಗಿಸಿದ್ದೆಂದು ಕೈಸನ್ನೆ ಮಾಡಿದಳು. ಮೈಸೂರಿನಲ್ಲಿ ಬೆಳೆದವಳಿಗೆ ಇನ್ನೇನು ಸಾಕ್ಷಿ ಬೇಕು? ಎಣ್ಣೆ ಕಾಯಲಿಟ್ಟೆ.

ಅರಳಲಿಲ್ಲ. ಕಪ್ಪಾಗಿ ಸಿಡಿಯಿತು. ಹೊಗೆಯ ಅಲಾರಂ ಕಿರುಚಿದಾಗ ಐಗುಲ್ ಓಡಿಬಂದು, ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿ, ಬಾಣಲೆಯೊಳಗೆ ಬಗ್ಗಿ ನೋಡಿ, ನಗುತ್ತ ಗೋಡೆಗೊರಗಿದಳು.

"ನೋ ಫ್ರೈ. ಚೀಸ್." ಕೆನ್ನೆ ತಟ್ಟಿಕೊಂಡು, "ಹಿಯರ್. ಲಾಂಗ್ ಟೈಮ್," ಎಂದಳು.

ಸಂಜೆ ಫೋನಿನಲ್ಲಿ ಗಂಡ ನಕ್ಕರು. "ಎಂ.ಎ.ಲಿ ಮಧ್ಯ ಏಷ್ಯಾ ಓದಿದೀನಿ ಅಂತಿದ್ಯಲ್ಲೇ?"

"ಅವರ ಯುದ್ಧ ಓದಿದೀನಿ ರೀ. ಊಟ ಸಿಲಬಸ್ಸಲ್ಲಿ ಇರ್ಲಿಲ್ಲ."

ಆಮೇಲೆ ಓದಿಕೊಂಡೆ. ಮಂದೆಯ ಹಿಂದೆ ಹುಲ್ಲು ಹುಡುಕಿ ಹೋಗುವವರಿಗೆ ಹಾಲು ಪ್ರಯಾಣ ತಾಳುವುದಿಲ್ಲ. ಅದನ್ನು ಹುಳಿಗಟ್ಟಿಸಿ, ನೀರಿಳಿಸಿ, ಉಪ್ಪು ಬೆರೆಸಿ, ಒಣಗಿಸಿ ಜೊತೆಗೆ ಒಯ್ಯುತ್ತಾರೆ. ದೂರ ಹೋಗುವವರು ಎಲ್ಲವನ್ನೂ ಒಣಗಿಸಿಕೊಳ್ಳಬೇಕೇನೋ ಎಂದು ಬರೆಯಹೊರಟು, ಉಪಮೆ ತೀರಾ ಸಲೀಸಾಯಿತೆಂದು ಬಿಟ್ಟೆ. ನಾನೇನು ಕುದುರೆಯ ಮೇಲೆ ಬಂದವಳಲ್ಲ.

ಕುರ್ತನ್ನು ಕಚ್ಚುವಂತಿಲ್ಲ, ದವಡೆಯಲ್ಲಿಟ್ಟು ಕರಗಿಸಬೇಕು. ಅಷ್ಟು ಹೊತ್ತು ಮಾತು ಬಂದ್. ಮಧ್ಯಾಹ್ನಗಳಲ್ಲಿ ಇಬ್ಬರೂ ಆಕೆಯ ಕಿಟಕಿಯ ಬಳಿ ಒಂದೊಂದನ್ನು ಬಾಯಿಗಿಟ್ಟುಕೊಂಡು, ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತ ಕೂರುತ್ತಿದ್ದೆವು. ಮೊದಲು ನಮ್ಮ ಮೌನಕ್ಕೆ ಭಾಷೆಯಿಲ್ಲದ್ದು ಕಾರಣವಾಗಿತ್ತು, ಮುಜುಗರವಾಗುತ್ತಿತ್ತು. ಈಗ ಕಾರಣ ಚೀಸು. ಆ ಹೊತ್ತಿಗಾಗಿಯೇ ನಾನು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳತೊಡಗಿದ್ದೆ.

ವಸಂತದಲ್ಲಿ ಆಕೆಯ ಮಗಳಿಗೆ ಕ್ಯಾಲ್ಗರಿಯಲ್ಲಿ ಕೆಲಸವಾಯಿತು. ತಾಯಿ ಮಗಳು ಹೊರಡುವ ದಿನ ಒಂದು ರಷ್ಯನ್ ವಾಕ್ಯ ಉರುಹೊಡೆದುಕೊಂಡು ಹೋದೆ. ಬಾಯಿ ತೆರೆದದ್ದೇ ತಡ, ಐಗುಲ್ ಅದರೊಳಗೆ ಒಂದು ಕುರ್ತ್ ಇಟ್ಟುಬಿಟ್ಟಳು; ತಾನೂ ಒಂದು ಇಟ್ಟುಕೊಂಡಳು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಕೆನ್ನೆ ಉಬ್ಬಿಸಿಕೊಂಡು ಎದುರುಬದುರು ನಿಂತಿದ್ದೆವು. ಆಕೆಯ ಕಣ್ಣು ತುಂಬಿತ್ತೆಂದು ಬರೆಯಬಹುದು, ಖಚಿತವಿಲ್ಲ. ನನ್ನದು ತುಂಬಿದ್ದರೆ ಕಾಣುವುದಾದರೂ ಹೇಗೆ?

ಸಂಜೆ ಗಂಡನ ಫೋನು. "ಯಾಕೆ, ಮಾತೇ ಆಡ್ತಿಲ್ಲ?"

"ಬಾಯಲ್ಲಿ ಕುರ್ತ್ ಇದೆ ರೀ."

ಅದು ಕರಗಿ ಎಷ್ಟೋ ಹೊತ್ತಾಗಿತ್ತು. ಅವರಿಗೂ ಗೊತ್ತಾಗಿರಬೇಕು.

"ಕರಗ್ಲಿ ಬಿಡು," ಎಂದರು. "ನಾನು ಲೈನಲ್ಲೇ ಇರ್ತೀನಿ."