ಒಳಗಿನಿಂದ ಬಿದ್ದ ಚಿಲಕ

ಎಪ್ಪತ್ತರ ದಶಕದ ಕೊನೆಗೆ ನಾವು ಸಿಲೋನ್ ಬಿಟ್ಟು ಐವರ್ನಾಡಿಗೆ ಬಂದೆವು. ಅಪ್ಪನಿಗೆ ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಕೆಲಸ ಸಿಕ್ಕಿತ್ತು. ಹಿರಿಯರ ಕಾಲದಲ್ಲಿ ಈ ದೇಶದಿಂದ ಅಲ್ಲಿಗೆ ದುಡಿಯಲು ಹೋದ ತಮಿಳರ ಮನೆತನ ನಮ್ಮದು; ಸರ್ಕಾರದ ಲೆಕ್ಕದಲ್ಲಿ ನಾವು ಸ್ವದೇಶಕ್ಕೆ ಮರಳಿದವರು. ಆದರೆ ಅಪ್ಪ, ಅಮ್ಮ, ನಾನು ಎಲ್ಲರೂ ಹುಟ್ಟಿದ್ದು ಅಲ್ಲಿ. ನಮಗೆ ಇದೇ ಪರದೇಶ.

ತೋಟದ ಹಳೆಯ ಗೋದಾಮೊಂದನ್ನು ದುರಸ್ತಿ ಮಾಡಿ ನಮಗೆ ಮನೆಯಾಗಿ ಕೊಟ್ಟಿದ್ದರು. ಹೊಸ ಹಂಚು, ಸಿಮೆಂಟಿನ ನೆಲ, ಹಲಸಿನ ಮರದ ಗಟ್ಟಿ ಬಾಗಿಲು. ಗೋಡೆಯ ಸುಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಅಮ್ಮ ಆ ಬಾಗಿಲನ್ನು ದಿನವೂ ಒರೆಸುತ್ತಿದ್ದಳು, ಆದರೆ ಅಂಗಳ ದಾಟುತ್ತಿರಲಿಲ್ಲ. ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ನಮ್ಮನ್ನು ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಿದ್ದರು.

"ನಾವು ಬಂದದ್ದು ಅವರಿಗೆ ಹಿಡಿಸಿಲ್ಲ," ಎನ್ನುತ್ತಿದ್ದಳು ಅಮ್ಮ.

ಒಂದು ಬೆಳಿಗ್ಗೆ ಅಪ್ಪ ತೋಟಕ್ಕೆ ಹೋಗಿದ್ದ. ಅಮ್ಮನೂ ನಾನೂ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಗ ಮೂರು ವರ್ಷದ ತಮ್ಮ ಒಳಗಿನಿಂದ ಬಾಗಿಲು ದೂಡಿ ಚಿಲಕ ಹಾಕಿಬಿಟ್ಟ. ತೆಗೆಯಲು ಅವನಿಗೆ ಬರಲಿಲ್ಲ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಅಮ್ಮ ಭುಜ ಕೊಟ್ಟು ನೂಕಿದಳು. ಬಾಗಿಲು ಅಲುಗಲಿಲ್ಲ. ಆ ಸದ್ದಿಗೆ ಹೆದರಿದ ತಮ್ಮ ಅಳುತ್ತಾ ಒಲೆಯ ಕಡೆಗೇ ಹಿಂದೆ ಹಿಂದೆ ಸರಿಯುವುದು ಕಿಟಕಿಯಿಂದ ಕಾಣಿಸಿತು.

"ಕಣ್ಣಾ, ಇಂಗ ವಾ!" ಇಲ್ಲಿ ಬಾ ಎಂದು ಅಮ್ಮ ತಮಿಳಿನಲ್ಲಿ ಕರೆಯುತ್ತಾ ಕಿಟಕಿಯ ಸರಳುಗಳೊಳಗೆ ಕೈ ಚಾಚಿದಳು. ಅವನು ಬರಲಿಲ್ಲ.

ನಾನು ಬೇಲಿಗೆ ಓಡಿದೆ. ಶಾಲೆಯಲ್ಲಿ ಕಲಿತ ಅಷ್ಟಿಷ್ಟು ಕನ್ನಡದಲ್ಲಿ ಎರಡೇ ಮಾತು ನೆನಪಾದವು. "ತಮ್ಮ... ಬೆಂಕಿ..." ಎಂದೆ.

"ಎಂತ ಆಯ್ತು? ಬೆಂಕಿ ಎಲ್ಲುಂಟು?" ಎನ್ನುತ್ತಾ ಅಕ್ಕ ಬೇಲಿ ದಾಟಿಯೇ ಬಂದರು. ಕಿಟಕಿಯಲ್ಲಿ ಒಮ್ಮೆ ಇಣುಕಿದವರು ಗಂಡನನ್ನು ಕೂಗಿದರು: "ಏಣಿ ತನ್ನಿ ಮಾರಾಯ್ರೆ, ಬೇಗ! ಹಂಚು ತೆಗೀಬೇಕು."

ಅಕ್ಕನ ಗಂಡ ಏಣಿಯಿಟ್ಟು ಮನೆಯ ಮಾಡು ಹತ್ತಿ ಹಂಚು ಸರಿಸತೊಡಗಿದರು. ಮೇಲಿನಿಂದ ಧೂಳು ಉದುರಿತು. ತಮ್ಮ ಚೀರಿ ಇನ್ನೊಂದು ಹೆಜ್ಜೆ ಹಿಂದಿಟ್ಟ. ಅವನ ಚಡ್ಡಿಗೂ ಕೆಂಡಕ್ಕೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

ಆಗ ಅಕ್ಕ ಕೈಬಳೆಗಳನ್ನು ಕಿಟಕಿಯ ಸರಳಿಗೆ ಬಡಿದರು. "ಬಾ ಮಗ, ಬಳೆ ನೋಡು, ಬಾ!"

ಮಾತು ಅವನಿಗೆ ತಿಳಿಯದು. ಸದ್ದು ಕೇಳಿ ಅಳು ನಿಲ್ಲಿಸಿದ. ನಿಧಾನವಾಗಿ ಕಿಟಕಿಯ ಹತ್ತಿರ ಬಂದ. ಅಮ್ಮನಿಗೆ ಅವನ ಅಂಗಿಯ ತುದಿ ಸಿಕ್ಕಿತು. ಅಕ್ಕನ ಗಂಡ ಒಳಕ್ಕೆ ಇಳಿದು ಬಾಗಿಲು ತೆರೆಯುವವರೆಗೂ ಅವಳು ಆ ಹಿಡಿತ ಸಡಿಲಿಸಲಿಲ್ಲ.

ಅಮ್ಮ ತಮ್ಮನನ್ನು ಎತ್ತಿಕೊಂಡು ಹೊಸ್ತಿಲಲ್ಲೇ ಕುಳಿತಳು. ಅಕ್ಕನೂ ಪಕ್ಕದಲ್ಲಿ ಕುಳಿತು ನನಗೆ ಹೇಳಿದರು: "ನಿನ್ನ ಅಮ್ಮನಿಗೆ ಹೇಳು. ಮಾತಾಡುವ ಅಂತ ದಿನಾ ಬೇಲಿ ಹತ್ರ ಬರುದು ನಾನು. ನಿಮ್ಮ ಭಾಷೆ ಬರುದಿಲ್ಲ, ಎಂತ ಹೇಳುದು?"

ನಾನು ತಮಿಳಿನಲ್ಲಿ ಹೇಳಿದೆ. ಅಮ್ಮ ಅಕ್ಕನ ಕೈ ಹಿಡಿದು ಅತ್ತುಬಿಟ್ಟಳು. ಗಂಜಿ ಸೀದುಹೋಗಿತ್ತು. ಅಂದು ಮಧ್ಯಾಹ್ನ ನಾವು ಉಂಡದ್ದು ಅಕ್ಕನ ಅಡುಗೆಮನೆಯಲ್ಲಿ.